ಪದ ಪರಿಚಯ: ತಾಪಮಾನ

ಚಿಕ್ಕಬಳ್ಳಾಪುರದ ನಮ್ಮ ಆಫೀಸಿನ ಸರ್ವರ್ ರೂಮಿನ ಬಾಗಿಲ ಮೇಲೆ ಹೋದ ವಾರ ಒಂದು ಚೀಟಿ ಅಂಟಿತ್ತು. ‘ಒಳಗೆ ತಾಪಮಾನ ತುಂಬಿಕೊಂಡಿದೆ. ಅದು ಹೊರಗೆ ಹೋಗಲು ಬಾಗಿಲು ತೆರೆದಿಡಿ.’ ಮೊದಲು ಬಾಗಿಲು ಮುಚ್ಚಿದೆ, ಆಮೇಲೆ ಚೀಟಿ ಕಿತ್ತೆ. ‘ತಾಪಮಾನ ಹೊಡೀತಿದೆ’, ‘ಮೆಷಿನ್ ತಾಪಮಾನ ಬಿಡ್ತಿದೆ’ ಅಂತ ಕೇಳಿ ಕೇಳಿ ಸಾಕಾಗಿದೆ.

ತಾಪಮಾನ ಅಂದರೆ ಬಿಸಿಯಲ್ಲ, ಬಿಸಿಯ ಅಳತೆ. ‘ತಾಪ’ ಬಂದದ್ದು ಸಂಸ್ಕೃತದ ‘ತಪ್’ ಧಾತುವಿನಿಂದ. ತಪಸ್ಸು, ಸಂತಾಪ, ಪಶ್ಚಾತ್ತಾಪ ಎಲ್ಲ ಅದರ ಮಕ್ಕಳೇ. ಎಡವಟ್ಟಾಗುವುದು ‘ಮಾನ’ದಲ್ಲಿ. ಇದು ಮಾನ ಮರ್ಯಾದೆಯ ಮಾನ ಅಲ್ಲ. ಅದು ‘ಮನ್’ ಧಾತುವಿನದು, ಸನ್ಮಾನ ಅವಮಾನಗಳ ಕಡೆಯದು. ನಮ್ಮ ಮಾನ ಹುಟ್ಟಿದ್ದು ‘ಮಾ’ ಧಾತುವಿನಿಂದ. ‘ಮಾ’ ಅಂದರೆ ಅಳೆ. ಚಾಂದ್ರಮಾನ ಯುಗಾದಿ ಅಂತೀವಲ್ಲ, ಅಲ್ಲಿ ಚಂದ್ರನನ್ನು ಹಿಡಿದು ಕಾಲ ಅಳೆಯುತ್ತೇವೆ. ಸೌರಮಾನದಲ್ಲಿ ಸೂರ್ಯನನ್ನು. ಪ್ರಮಾಣ, ಅನುಮಾನ ಕೂಡ ಇದೇ ಮನೆಯವು. ಅರಬ್ಬಿ ಮೂಲದ ‘ಹವಾ’ಕ್ಕೂ ಇದೇ ಬಾಲ ಅಂಟಿಸಿ ಹವಾಮಾನ ಮಾಡಿಕೊಂಡಿದ್ದೇವೆ. ಕಿಟಕಿಯಿಂದ ಹವಾಮಾನ ಬೀಸುತ್ತಿದೆ ಅಂತ ಯಾರೂ ಹೇಳಲ್ಲ, ಅಲ್ವಾ? ತಾಪಮಾನಕ್ಕೆ ಮಾತ್ರ ಈ ಗತಿ.

ಬರುವುದು, ಹೋಗುವುದು, ತುಂಬಿಕೊಳ್ಳುವುದು ಶಾಖ. ಬಿಸಿ ಅಂದರೂ ಸರಿ. (ಪರಂಗಿ ಹಣ್ಣು ಉಷ್ಣ ಅಂತಾರಲ್ಲ, ಅದು ಬೇರೆ ಲೆಕ್ಕ. ಆ ಉಷ್ಣವನ್ನು ಯಾವ ಥರ್ಮಾಮೀಟರೂ ತೋರಿಸಲ್ಲ.) ಲೋಟದ ಕಾಫಿಯ ತಾಪಮಾನ ಹಂಡೆಯ ಸ್ನಾನದ ನೀರಿಗಿಂತ ಜಾಸ್ತಿ. ಆದರೆ ಶಾಖ ಹಂಡೆಯಲ್ಲೇ ಜಾಸ್ತಿ, ಅದಕ್ಕೇ ಅಷ್ಟು ಸೌದೆ ಬೇಕು. ಸರ್ವರ್ ತಿನ್ನುವ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಶಾಖವೇ ಆಗುತ್ತದೆ. ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ, 3.5 ಕಿಲೋವಾಟ್ ಎಳೆಯುವ ರ‍್ಯಾಕ್ ಇದ್ದರೆ ಒಂದು ಟನ್ ಎಸಿ ಪೂರ್ತಿ ಅದಕ್ಕೇ ದುಡಿಯಬೇಕು. ಈ ಲೆಕ್ಕ ವಾಟ್‌ನಲ್ಲಿ, ಡಿಗ್ರಿಯಲ್ಲಲ್ಲ.

ಅಳತೆ ಅಂದ ಮೇಲೆ ಎಲ್ಲಿ ಅಳೆದದ್ದು ಅಂತಲೂ ಕೇಳಬೇಕು. ‘ರೂಮ್ ತಾಪಮಾನ 22 ಸಾರ್’ ಅಂತಾರೆ, ಎಸಿ ರಿಮೋಟ್ ನೋಡಿ. ರಿಮೋಟಿನ 22 ಅಳತೆಯೇ ಅಲ್ಲ, ನಾವು ಎಸಿಯನ್ನು ಕೇಳಿಕೊಂಡದ್ದು. ಎಸಿ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇ ಹೇಳುವ 18ರಿಂದ 27 ಡಿಗ್ರಿ, ಸರ್ವರ್ ಒಳಕ್ಕೆ ಎಳೆದುಕೊಳ್ಳುವ ಗಾಳಿಯದು. ಅಂದರೆ ರ‍್ಯಾಕಿನ ಮುಂದಿನದು. ರ‍್ಯಾಕಿನ ಹಿಂದೆ ಕೈ ಇಟ್ಟು ಸುಮ್ನೆ ಗಾಬರಿಯಾಗಬೇಡಿ, ಸರ್ವರ್ ಬಿಸಿಗಾಳಿ ಹೊರಬಿಡುವುದೇ ಅಲ್ಲಿ, ಬಿಸಿ ಇರಲೇಬೇಕು.

ನನಗೆ ಇದನ್ನು ಕಲಿಸಿದ್ದು ಶಿಡ್ಲಘಟ್ಟದ ಕಡೆಯ ನಮ್ಮೂರಿನ ರೇಷ್ಮೆ ಹುಳು ಮನೆ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ 27–28 ಡಿಗ್ರಿ, ದೊಡ್ಡ ಹುಳುವಿಗೆ 24–25. ಸ್ಟ್ಯಾಂಡಿನಲ್ಲಿ ತಟ್ಟೆಗಳು ಒಂದರ ಮೇಲೊಂದು, ಥೇಟ್ ರ‍್ಯಾಕ್. ಚಿಕ್ಕವನಿದ್ದಾಗ ಒಮ್ಮೆ ಥರ್ಮಾಮೀಟರನ್ನು ಬಾಗಿಲ ಮೊಳೆಗೆ ನೇತುಹಾಕಿದ್ದೆ. ಅಮ್ಮ ಬೈದಳು: ‘ಹುಳ ಇರೋದು ತಟ್ಟೇಲಿ ಕಣೋ. ಬಾಗಿಲಿಗೇನು ಜ್ವರ ಬಂದೈತಾ?’

ಈಗ ರ‍್ಯಾಕಿನ ಮುಂದೆ ಮೂರು ಸೆನ್ಸರ್ ಕಟ್ಟಿದ್ದೇನೆ, ಕೆಳಗೆ, ನಡುವೆ, ಮೇಲೆ. ಚೀಟಿ ಅಂಟಿದ್ದ ದಿನ ಕೆಳಗಿನದು 21 ತೋರಿಸುತ್ತಿತ್ತು, ಮೇಲಿನದು 31. ಹಳೇ ಸರ್ವರ್ ಒಂದನ್ನು ತೆಗೆದ ಜಾಗ ಖಾಲಿ ಬಿದ್ದಿತ್ತು. ಹಿಂದಿನ ಬಿಸಿಗಾಳಿ ಆ ಕಿಂಡಿಯಿಂದ ಮುಂದಕ್ಕೆ ಬರುತ್ತಿತ್ತು, ಮೇಲಿನ ಸರ್ವರ್ ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಕಿಂಡಿಗೆ ಬ್ಲಾಂಕಿಂಗ್ ಪ್ಯಾನಲ್ ಅನ್ನುವ ಮುಚ್ಚಳದ ಪಟ್ಟಿ ಹಾಕಿದಾಗ ಮೇಲಿನದು 26ಕ್ಕೆ ಇಳಿಯಿತು. ಬಾಗಿಲು ತೆರೆದೇ ಇಟ್ಟಿದ್ದರೆ ಕಾರಿಡಾರಿನ ಸೆಕೆಯನ್ನೂ ಒಳಗೆ ಕರೆದಂತಾಗುತ್ತಿತ್ತು.

ಹೊಸ ಚೀಟಿ ನಾನೇ ಬರೆದು ಅಂಟಿಸಿದೆ: ‘ಶಾಖ ಒಳಗೆ ಬರುತ್ತದೆ. ಬಾಗಿಲು ಮುಚ್ಚಿ.’ ನಿನ್ನೆ ಯಾರೋ ಪುಣ್ಯಾತ್ಮರು ‘ಶಾಖ’ವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ‘ತಾಪಮಾನ’ ಅಂತ ತಿದ್ದಿದ್ದಾರೆ.