ಗುಲಾಬಿ ಬಣ್ಣಕ್ಕೆ ತಿರುಗಿದ ಸ್ಮಶಾನ: ಹಳೆಯ ಭಯಾನಕ ಚಿತ್ರಗಳ ಟ್ರೇಲರ್ ಸಂಗ್ರಹಗಳು

1950ರಿಂದ 1970ರ ದಶಕದವರೆಗಿನ ಅಮೆರಿಕ ಮತ್ತು ಬ್ರಿಟನ್ನಿನ ಭಯಾನಕ ಚಿತ್ರಗಳ ಟ್ರೇಲರ್‌ಗಳನ್ನು ಒಟ್ಟುಗೂಡಿಸಿದ ಡಿವಿಡಿ, ಬ್ಲೂ-ರೇ ಸಂಗ್ರಹಗಳಲ್ಲಿ ಒಂದು ಟ್ರೇಲರ್ ಸ್ವಚ್ಛವಾಗಿ ಹೊಳೆಯುತ್ತಿದ್ದರೆ, ಅದರ ಬೆನ್ನಿಗೇ ಬರುವ ಇನ್ನೊಂದರಲ್ಲಿ ಆಕಾಶ, ಕೋಟೆ, ನಾಯಕಿಯ ಮುಖ ಎಲ್ಲವೂ ಗುಲಾಬಿ ಬಣ್ಣದಲ್ಲಿ ಮುಳುಗಿರುತ್ತವೆ. ಡಿಸ್ಕ್ ಒಂದೇ ಆಗಿದ್ದರೂ ಇಷ್ಟು ಅಂತರ ಕಾಣುವುದಕ್ಕೆ ಕಾರಣ, ಆ ಡಿಸ್ಕ್‌ಗೆ ಆಧಾರವಾದ ಒಂದೊಂದು ರೀಲಿನ ಹುಟ್ಟು ಮತ್ತು ಬಾಳಿನಲ್ಲಿದೆ.

ಟ್ರೇಲರ್ ಉಳಿಯಬೇಕೆಂದು ತಯಾರಾದ ವಸ್ತುವೇ ಅಲ್ಲ. ಅಮೆರಿಕದಲ್ಲಿ 1920ರಲ್ಲಿ ಆರಂಭವಾದ ನ್ಯಾಷನಲ್ ಸ್ಕ್ರೀನ್ ಸರ್ವಿಸ್‌ನಂಥ ಸಂಸ್ಥೆಗಳು ಇವನ್ನು ಚಿತ್ರಮಂದಿರಗಳಿಗೆ ಒದಗಿಸುತ್ತಿದ್ದವು. ಚಿತ್ರ ಬಿಡುಗಡೆಯಾದ ಮೇಲೆ ಅವುಗಳ ಕೆಲಸ ಮುಗಿಯುತ್ತಿತ್ತು. ಹೊಸ ಪ್ರಿಂಟ್ (ಪ್ರದರ್ಶನಕ್ಕೆಂದು ಮುದ್ರಿಸಿದ ಪ್ರತಿ) ಕೂಡ ಮೂಲ ಚಿತ್ರದಷ್ಟು ಸ್ಪಷ್ಟವಾಗಿರುತ್ತಿರಲಿಲ್ಲ. ರಕ್ತ ಸುರಿಯುವಂತೆ ಬರೆದ ಅಕ್ಷರಗಳನ್ನು ದೃಶ್ಯದ ಮೇಲೆ ಕೂಡಿಸಲು ಆಪ್ಟಿಕಲ್ ಪ್ರಿಂಟರ್‌ನಲ್ಲಿ, ಅಂದರೆ ಒಂದು ಫಿಲ್ಮ್‌ನ ಚಿತ್ರವನ್ನು ಮತ್ತೊಂದಕ್ಕೆ ಇಳಿಸುವ ಯಂತ್ರದಲ್ಲಿ, ಮರುಮುದ್ರಣ ಮಾಡಬೇಕಿತ್ತು. ಜೆರಾಕ್ಸ್ ಪ್ರತಿಯನ್ನೇ ಮತ್ತೆ ಜೆರಾಕ್ಸ್ ಮಾಡಿದಂತೆ, ಪ್ರತಿ ಮುದ್ರಣದಲ್ಲೂ ಫಿಲ್ಮ್‌ನಲ್ಲಿ ಚಿತ್ರವನ್ನು ಮೂಡಿಸುವ ಸಣ್ಣ ಕಣಗಳ ಒರಟುತನ ಹೆಚ್ಚಿ ಸೂಕ್ಷ್ಮ ವಿವರಗಳು ಕಳೆದುಹೋಗುತ್ತಿದ್ದವು. ಆದ್ದರಿಂದ ಟ್ರೇಲರ್‌ನಲ್ಲಿ ಕಾಣುವ ಒರಟುತನದ ಒಂದು ಪಾಲು ಅದರ ಹುಟ್ಟುಗುಣ. ಅದನ್ನು ಉಜ್ಜಿ ತೆಗೆಯುವುದನ್ನು ಪುನರುದ್ಧಾರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಣ್ಣದ ಕಥೆ ಬೇರೆ. 1950ರಲ್ಲಿ ಬಳಕೆಗೆ ಬಂದ ಈಸ್ಟ್‌ಮನ್ ಕಲರ್ ಫಿಲ್ಮ್‌ನಲ್ಲಿ ಹಳದಿ, ಮಜೆಂಟಾ (ನೇರಳೆ ಬೆರೆತ ಕೆಂಪು), ಸಯಾನ್ (ಹಸಿರು ಬೆರೆತ ನೀಲಿ) ಎಂಬ ಮೂರು ವರ್ಣದ್ರವ್ಯಗಳು ಮೂರು ಪದರಗಳಲ್ಲಿರುತ್ತವೆ. ಹಳೆಯ ಪ್ರಿಂಟ್‌ಗಳ ಸಯಾನ್ ದ್ರವ್ಯ ರಾಸಾಯನಿಕವಾಗಿ ದುರ್ಬಲವಾದದ್ದು. ಡಬ್ಬಿಯ ಕತ್ತಲಲ್ಲಿಟ್ಟರೂ ಅದು ಕ್ಷೀಣಿಸುತ್ತದೆ, ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಬೇಗ ಕ್ಷೀಣಿಸುತ್ತದೆ. ಕೆಂಪು ಬೆಳಕನ್ನು ತಡೆಯುವುದು ಸಯಾನ್‌ನ ಕೆಲಸವಾದ್ದರಿಂದ, ಅದು ಹೋದರೆ ಕೆಂಪು ಎಗ್ಗಿಲ್ಲದೆ ಹಾದುಬರುತ್ತದೆ. ಭಯಾನಕ ಚಿತ್ರಗಳಿಗೆ ಇದರಿಂದ ಆಗುವ ನಷ್ಟ ಉಳಿದ ಚಿತ್ರಗಳಿಗಿಂತ ದೊಡ್ಡದು. ಮೂರೂ ದ್ರವ್ಯಗಳು ಸೇರಿದಾಗಲೇ ಗಾಢ ಕಪ್ಪು ಮೂಡುತ್ತದೆ. ರಾತ್ರಿಯ ನೀಲಿಗೂ ಸಯಾನ್ ಬೇಕೇಬೇಕು. ಹೀಗಾಗಿ ನಡುರಾತ್ರಿಯ ಸ್ಮಶಾನ ಗುಲಾಬಿಯಾಗಿ, ನೆರಳುಗಳು ಕಂದುಗೆಂಪಾಗಿ, ಹೆದರಿಸಬೇಕಾದ ಕತ್ತಲೆಯೇ ಇಲ್ಲವಾಗುತ್ತದೆ. ಸ್ಕ್ಯಾನರ್ ಮೂರು ಬಣ್ಣಗಳ ಮಾಹಿತಿಯನ್ನು ಬೇರೆಬೇರೆಯಾಗಿ ಹಿಡಿದರೆ, ಅಳಿದುಳಿದ ಸಯಾನ್‌ನ ವ್ಯತ್ಯಾಸಗಳನ್ನು ಹಿಗ್ಗಿಸಿ ಬಹುಮಟ್ಟಿಗೆ ಸರಿಪಡಿಸಬಹುದು. ಪೂರ್ತಿ ಅಳಿದುಹೋಗಿದ್ದರೆ ಹಿಗ್ಗಿಸಲು ಏನೂ ಉಳಿದಿರುವುದಿಲ್ಲ.

ಚುಕ್ಕೆ, ಗೀರುಗಳನ್ನು ಹತ್ತಿರದಿಂದ ನೋಡಿದರೆ ರೀಲಿನ ಚರಿತ್ರೆಯನ್ನೇ ಓದಬಹುದು. ಕಪ್ಪು ಚುಕ್ಕೆ ಎಂದರೆ ಆ ಪ್ರಿಂಟ್‌ನ ಮೇಲೆಯೇ ಕುಳಿತ ಧೂಳು. ತೊಳೆದರೆ ಅದು ಹೋಗಬಹುದು. ಬಿಳಿ ಚುಕ್ಕೆ, ಪ್ರಿಂಟ್ ತೆಗೆಯಲು ಬಳಸಿದ ನೆಗೆಟಿವ್‌ನ ಮೇಲಿದ್ದ ಧೂಳಿನ ನೆರಳು, ಅದು ಪ್ರಿಂಟ್‌ನೊಳಗೇ ಅಚ್ಚಾಗಿರುವುದರಿಂದ ಎಷ್ಟು ತೊಳೆದರೂ ಹೋಗದು. ಬಣ್ಣದ ಪ್ರಿಂಟ್‌ನಲ್ಲಿ ಮಜೆಂಟಾ ಪದರ ಎಲ್ಲಕ್ಕಿಂತ ಮೇಲಿರುವುದರಿಂದ ತೆಳುವಾದ ಗೀರು ಹಸಿರಾಗಿ ಕಾಣುತ್ತದೆ, ಕೆಳಗಿನ ಸಯಾನ್ ಪದರವನ್ನೂ ಕಿತ್ತ ಗೀರು ಹಳದಿಯಾಗಿ ಕಾಣುತ್ತದೆ. ಫಿಲ್ಮ್‌ನ ಹಿಂಬದಿಯ ಗೀರುಗಳಿಗೆ ಮಾತ್ರ ಸುಲಭದ ಪರಿಹಾರವಿದೆ: ಫಿಲ್ಮ್‌ನಷ್ಟೇ ವಕ್ರೀಭವನ ಸೂಚ್ಯಂಕವಿರುವ, ಅಂದರೆ ಬೆಳಕನ್ನು ಫಿಲ್ಮ್‌ನಷ್ಟೇ ಬಾಗಿಸುವ ದ್ರವದಲ್ಲಿ ಅದನ್ನು ಅದ್ದಿ ಸ್ಕ್ಯಾನ್ ಮಾಡಿದರೆ ದ್ರವ ಗೀರನ್ನು ತುಂಬುತ್ತದೆ, ಬೆಳಕು ಚದುರುವುದಿಲ್ಲ, ಗೀರು ಕಾಣುವುದಿಲ್ಲ.

ವಿಡಿಯೊ ಮಾಧ್ಯಮ ತನ್ನದೇ ಹಾನಿಯನ್ನು ಸೇರಿಸುತ್ತದೆ. 1957ರಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ಫ್ರಾಂಕೆನ್‌ಸ್ಟೈನ್ ಕಥೆಯನ್ನು ಬಣ್ಣದಲ್ಲಿ ತಂದ ಮೇಲೆ ಕಡುಗೆಂಪು ರಕ್ತ ಈ ಚಿತ್ರಗಳ ಗುರುತಾಯಿತು. ಡಿವಿಡಿಗೆ ಮೊದಲು ಮನೆಗಳಲ್ಲಿ ಬಳಕೆಯಲ್ಲಿದ್ದ ವಿಎಚ್‌ಎಸ್ ವಿಡಿಯೊ ಟೇಪ್ ಬೆಳಕಿನ ವಿವರವನ್ನು ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ಹಿಡಿದರೆ, ಬಣ್ಣದ ವಿವರವನ್ನು ಹಿಡಿಯುವುದು ಸುಮಾರು 40 ಗೆರೆಗಳಷ್ಟು ಮಾತ್ರ. ಹಾಗಾಗಿ ತುಟಿಯಂಚಿನ ರಕ್ತ ಕೆನ್ನೆಯವರೆಗೂ ಹರಡಿದಂತೆ ಕಾಣುತ್ತದೆ. ಅದೇ ಟೇಪ್‌ನಿಂದ ಡಿವಿಡಿ ಮಾಡಿದರೆ ಈ ಹರಡುವಿಕೆಯೂ ಜೊತೆಗೇ ಬರುತ್ತದೆ.

ಡಿವಿಡಿಯಲ್ಲಿ ಜಾಗವೇ ಸಮಸ್ಯೆ. 4.7 ಗಿಗಾಬೈಟ್‌ನ ಡಿಸ್ಕ್‌ನಲ್ಲಿ ಎರಡು ಗಂಟೆಯ ವಿಡಿಯೊ ಇಟ್ಟರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ದಕ್ಕುತ್ತದೆ, ನಾಲ್ಕು ಗಂಟೆಯದನ್ನು ತುರುಕಿದರೆ ಅದರ ಅರ್ಧ. ಫಿಲ್ಮ್‌ನ ಕಣಗಳು ಪ್ರತಿ ಚೌಕಟ್ಟಿನಲ್ಲೂ (ಫ್ರೇಮ್‌ನಲ್ಲೂ) ಬೇರೆಬೇರೆಯಾಗಿ ಚದುರಿರುವುದರಿಂದ, ಚೌಕಟ್ಟುಗಳ ಹೋಲಿಕೆಯನ್ನೇ ನೆಚ್ಚಿಕೊಂಡ ಸಂಕೋಚನ ವಿಧಾನ ಅಲ್ಲಿ ಸೋತು ಚಿತ್ರವನ್ನು ಚೌಕಗಳಾಗಿ ಒಡೆಯುತ್ತದೆ. ಇದನ್ನು ತಪ್ಪಿಸಲು ಕಣಗಳನ್ನೇ ಅಳಿಸಿದರೆ ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಟ್ರೇಲರ್‌ಗೆ ಇನ್ನೂ ಒಂದು ಅಪಾಯವಿದೆ. ಒಂದೇ ಚೌಕಟ್ಟಿನಲ್ಲಿ ಕಂಡು ಮಾಯವಾಗುವುದನ್ನು ಸ್ವಯಂಚಾಲಿತ ಶುದ್ಧೀಕರಣ ತಂತ್ರಾಂಶ ಧೂಳೆಂದು ಭಾವಿಸುತ್ತದೆ. ಮಿಂಚು, ಕಿಡಿ, ಬೀಸಿದ ಚಾಕುವಿನ ಹೊಳಪು ಅದಕ್ಕೆ ಬಲಿಯಾಗಬಹುದು.

ಅಮೆರಿಕದ ಕಾನೂನಿನಲ್ಲಿ 1978ಕ್ಕೆ ಮೊದಲು ಹಕ್ಕುಸ್ವಾಮ್ಯದ ಸೂಚನೆಯಿಲ್ಲದೆ ಪ್ರಕಟವಾದ ಕೃತಿಗೆ ರಕ್ಷಣೆ ಇರಲಿಲ್ಲ, ಎಷ್ಟೋ ಟ್ರೇಲರ್‌ಗಳ ಮೇಲೆ ಆ ಸೂಚನೆ ಇರಲಿಲ್ಲ. ಹಾಗಾಗಿ ಯಾರು ಬೇಕಾದರೂ ಇವನ್ನು ಸಂಗ್ರಹಿಸಿ ಮಾರಬಹುದಾಯಿತು. ಇವು ನಮ್ಮವರೆಗೆ ಬಂದದ್ದು ಆ ಸ್ವಾತಂತ್ರ್ಯದಿಂದ. ನಕಲಿನ ನಕಲು ಎಗ್ಗಿಲ್ಲದೆ ಓಡಾಡಿದ್ದೂ ಅದರಿಂದಲೇ. ಕಾಳಜಿ ವಹಿಸಬೇಕಾದ ಕಾರಣ ಬೇಕಿದ್ದರೆ 1960ರ 'ಸೈಕೊ' ಚಿತ್ರದ ಆರು ನಿಮಿಷಕ್ಕೂ ಮೀರಿದ ಟ್ರೇಲರ್ ನೋಡಬೇಕು. ನಿರ್ದೇಶಕ ಹಿಚ್‌ಕಾಕ್ ತಾವೇ ಮೋಟೆಲ್ ಸುತ್ತಿಸುತ್ತಾರೆ. ಕೊನೆಯಲ್ಲಿ ಸ್ನಾನದ ಪರದೆಯ ಹಿಂದೆ ಕಿರುಚುವವರು ಚಿತ್ರದಲ್ಲಿ ಆ ಜಾಗದಲ್ಲಿದ್ದ ನಟಿ ಜಾನೆಟ್ ಲೀ ಅಲ್ಲ, ವೀರಾ ಮೈಲ್ಸ್. ಆ ದೃಶ್ಯ ಚಿತ್ರದಲ್ಲೆಲ್ಲೂ ಇಲ್ಲ. ಇಂಥ ತುಣುಕುಗಳಿಗೆ ಟ್ರೇಲರ್‌ನ ರೀಲೇ ಮೂಲ ಪ್ರತಿ. ಹೀಗಿರುವಾಗ ಯಾವ ಪ್ರಿಂಟ್‌ನಿಂದ ಸ್ಕ್ಯಾನ್ ಮಾಡಲಾಯಿತು, ಬಣ್ಣವನ್ನು ಎಷ್ಟು ತಿದ್ದಲಾಯಿತು, ಏನನ್ನು ಅಳಿಸಲಾಯಿತು ಎಂಬುದನ್ನು ಪ್ರತಿ ಸಂಗ್ರಹವೂ ತನ್ನ ಹೊದಿಕೆಯ ಮೇಲೆ ತಿಳಿಸಬೇಕು, ತಿದ್ದದ ಸ್ಕ್ಯಾನ್ ಒಂದನ್ನು ತಯಾರಕರು ಹಾಗೆಯೇ ಕಾದಿಡಬೇಕು.