ತಲೆದೆಸೆಯಲ್ಲಿ ಇನ್ವರ್ಟರ್ ಇದ್ದರೆ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿಯಿತೆಂದರೆ ಕರೆಂಟಿನ ಭರವಸೆ ಇಲ್ಲ. ಹಾಗಾಗಿ ಇನ್ವರ್ಟರ್ ಬೇಕೇ ಬೇಕು. ಜಾಗ ಸಾಲದ ಮನೆಗಳಲ್ಲಿ ಅದು ಮಲಗುವ ಕೋಣೆಯ ಮೂಲೆ ಸೇರುತ್ತದೆ. ಗೋಡೆಯ ಆಚೆಗೆ ಫ್ರಿಜ್ಜು. ‘ಇವುಗಳ ವಿಕಿರಣದಿಂದ ಮಕ್ಕಳಿಗೆ ಏನೂ ಆಗುವುದಿಲ್ಲವೇ?’ ಎಂದು ತಾಯಂದಿರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ.

ಮನೆಯ ಕರೆಂಟಿನ ಆವರ್ತನ 50 ಹರ್ಟ್ಸ್. ಎಕ್ಸ್-ರೇಯಂತೆ ಜೀವಕೋಶದ ಡಿಎನ್‌ಎಯನ್ನು ಮುರಿಯುವ ಶಕ್ತಿ ಇದಕ್ಕಿಲ್ಲ. ಕರೆಂಟು ಹರಿಯುವಾಗ ಸುತ್ತ ಕಾಂತಕ್ಷೇತ್ರ ಹುಟ್ಟುವುದಂತೂ ನಿಜ. ಇಟ್ಟಿಗೆ ಗೋಡೆ ಅದನ್ನು ತಡೆಯುವುದಿಲ್ಲ, ಆದರೆ ದೂರ ಹೋದಂತೆ ಅದು ಬೇಗನೆ ಕುಗ್ಗುತ್ತದೆ. ಫ್ರಿಜ್ಜಿನಿಂದ ಒಂದಡಿ ದೂರದಲ್ಲಿ ಸಾಮಾನ್ಯವಾಗಿ 0.01ರಿಂದ 0.25 ಮೈಕ್ರೊಟೆಸ್ಲಾ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಇರುತ್ತದೆ. 2010ರ ಅಂತರರಾಷ್ಟ್ರೀಯ ಮಾರ್ಗಸೂಚಿ ಜನಸಾಮಾನ್ಯರಿಗೆ ಹಾಕಿರುವ ಮಿತಿ 200 ಮೈಕ್ರೊಟೆಸ್ಲಾ.

ಭಯಕ್ಕೆ ಬುಡವೇ ಇಲ್ಲವೆಂದಲ್ಲ. 1979ರಲ್ಲಿ ಅಮೆರಿಕದ ಸಂಶೋಧಕರಾದ ನ್ಯಾನ್ಸಿ ವರ್ಥೈಮರ್ ಮತ್ತು ಎಡ್ ಲೀಪರ್, ಅಲ್ಲಿನ ಡೆನ್ವರ್ ನಗರದಲ್ಲಿ ವಿದ್ಯುತ್ ತಂತಿಗಳಿಗೂ ಮಕ್ಕಳ ಕ್ಯಾನ್ಸರಿಗೂ ನಂಟು ಕಂಡಿದ್ದರು. ಮುಂದಿನ ಅಧ್ಯಯನಗಳಲ್ಲೂ, ದಿನದ ಸರಾಸರಿ 0.3–0.4 ಮೈಕ್ರೊಟೆಸ್ಲಾ ದಾಟಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚು ಕಂಡಿತು. ಅಂಥ ಮನೆಗಳು ತೀರ ವಿರಳ. ಕಾಂತಕ್ಷೇತ್ರವೇ ಕಾರಣವೆಂಬುದು ಸಾಬೀತಾಗಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಅದನ್ನು ಬೆಂಬಲಿಸಲಿಲ್ಲ. ಆದ್ದರಿಂದಲೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ‘ಸಾಧ್ಯತೆ ಇದೆ’ ಎಂಬ 2ಬಿ ಗುಂಪಿನಲ್ಲಿಟ್ಟಿತು. ಹಾಸಿಗೆಯನ್ನು ಗೋಡೆಯಿಂದ ಮೂರಡಿ ಈಚೆಗೆ ಎಳೆದುಕೊಂಡರೆ ಈ ಚಿಂತೆ ಬಹುಪಾಲು ಕಳೆಯುತ್ತದೆ.

ನನ್ನನ್ನು ನಿಜಕ್ಕೂ ಕಾಡುವುದು ಅದೇ ಮೂಲೆಯ ಬ್ಯಾಟರಿ. ಸೀಸ–ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಬೀಳುತ್ತದೆ. ನಾವು ಆಗಾಗ ಡಿಸ್ಟಿಲ್ಡ್ ವಾಟರ್ ತುಂಬುವುದು ಹೀಗೆ ಕಳೆದುಹೋದ ನೀರಿಗೆ ಬದಲಾಗಿ. ಗಾಳಿಯಲ್ಲಿ ಹೈಡ್ರೋಜನ್ ಶೇ. 4 ಮುಟ್ಟಿದರೆ ಒಂದು ಕಿಡಿ ಸಾಕು. ಆಷಾಢದ ಚಳಿಗೆ ಕಿಟಕಿಯನ್ನೆಲ್ಲ ಬಿಗಿದು ಮಲಗುವ ಊರು ನಮ್ಮದು! ಬ್ಯಾಟರಿ ಇರಬೇಕಾದದ್ದು ಗಾಳಿಯಾಡುವ ಕಡೆ, ಪಡಸಾಲೆಯಲ್ಲೋ ಹಿತ್ತಿಲ ಜಗಲಿಯಲ್ಲೋ. ಅದರ ತುದಿಗಳಲ್ಲಿ ಬಿಳಿ–ಹಸಿರು ಪುಡಿ ಕಟ್ಟಿದ್ದರೆ ಜೋಡಣೆ ಸಡಿಲವಾಗಿ ಬಿಸಿಯೇರುತ್ತದೆ. ಅದನ್ನು ತಿಳಿದವರಿಂದ ತೆಗೆಸಿ ಬಿಗಿ ಮಾಡಿಸಿ. ಚಾರ್ಜಿಗೆ ಹಾಕಿದ ಮೊಬೈಲನ್ನು ದಿಂಬಿನಡಿ ಇಡಬೇಡಿ.

ಮಳೆನೀರು ಜಿನುಗುವ ಗೋಡೆಯ ಸ್ವಿಚ್ ಬೋರ್ಡ್ ಮುಟ್ಟಿದಾಗ ಜುಮ್ಮೆಂದರೆ ತಡಮಾಡದೆ ಅರ್ಥಿಂಗ್ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ, ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಒತ್ತಿದ ತಕ್ಷಣ ಕರೆಂಟು ಹೋಗದಿದ್ದರೆ ಅದನ್ನು ಬದಲಾಯಿಸಲೇಬೇಕು.