ಸಣ್ಣ ದೋಣಿಯಲ್ಲಿ ಹಲವು ಗಾಳ: ಕ್ರ್ಯಾಪಿ ಮೀನಿಗೆ ಜೋಡಣೆ ಹೇಗಿರಬೇಕು?

ಪ್ರಶ್ನೆ: ನಾವು ಅಮೆರಿಕದ ಟೆನ್ನೆಸಿಯಲ್ಲಿದ್ದೇವೆ. 14 ಅಡಿ ಉದ್ದದ, ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿಯೊಂದಿದೆ. ಇಲ್ಲಿನವರು ದೋಣಿಯ ಮುಂದೆ ಆರೆಂಟು ಗಾಳದ ಕೋಲುಗಳನ್ನು ಒಟ್ಟಿಗೆ ಚಾಚಿ ಕ್ರ್ಯಾಪಿ ಹಿಡಿಯುತ್ತಾರೆ. ನಮ್ಮ ದೋಣಿಯಲ್ಲಿ ಇಬ್ಬರು ಕುಳಿತು ಹಾಗೆ ಹಿಡಿಯಲು ಸಾಧ್ಯವೇ? ಮೊದಲು ಏನನ್ನು ಕೊಳ್ಳಬೇಕು?

ಉತ್ತರ: ಖಂಡಿತ ಸಾಧ್ಯ. ಆದರೆ ಕೋಲುಗಳನ್ನು ಕೊಳ್ಳುವ ಮೊದಲು ದೋಣಿಯ ವೇಗವನ್ನು ಹತೋಟಿಗೆ ತರುವ ವ್ಯವಸ್ಥೆ ಆಗಬೇಕು. ಸ್ಪೈಡರ್ ರಿಗ್ಗಿಂಗ್ ಎಂದು ಕರೆಯಲಾಗುವ ಈ ಪದ್ಧತಿಯ ಸೋಲು ಗೆಲುವುಗಳೆಲ್ಲ ದಾರವು ನೀರಿನಲ್ಲಿ ಎಷ್ಟು ನೇರವಾಗಿ ಇಳಿದಿದೆ ಎಂಬುದನ್ನೇ ಅವಲಂಬಿಸಿವೆ.

ಉತ್ತರ ಅಮೆರಿಕದ ಮೂಲ ನಿವಾಸಿಯಾದ ಕ್ರ್ಯಾಪಿಯಲ್ಲಿ ಕಪ್ಪು ಮತ್ತು ಬಿಳಿ ಎಂಬ ಎರಡು ಜಾತಿಗಳಿವೆ. ಚಳಿಗಾಲದ ಕೊನೆಯಲ್ಲಿ, ಮೊಟ್ಟೆಯಿಡಲು ದಡದ ಕಡೆಗೆ ಬರುವ ಮುನ್ನ, ಇವು ತೆರೆದ ನೀರಿನಲ್ಲಿ ಹಿಂಡಾಗಿ ಒಂದೇ ಆಳದಲ್ಲಿ ತೇಲಿ ನಿಲ್ಲುತ್ತವೆ. ಆ ಆಳ ಆರು ಅಡಿಯೋ ಹನ್ನೆರಡು ಅಡಿಯೋ ಎಂಬುದು ಮೊದಲೇ ತಿಳಿಯದ ಕಾರಣ, ಬೇರೆ ಬೇರೆ ಆಳಗಳಲ್ಲಿ ಎರೆಯನ್ನು ಇಳಿಬಿಟ್ಟು ನಿಧಾನವಾಗಿ ಸಾಗುವುದು ಹುಡುಕಾಟದ ಅತ್ಯಂತ ಸರಳ ವಿಧಾನ. ಕ್ರ್ಯಾಪಿಯ ದೃಷ್ಟಿ ಮೇಲ್ಮುಖವಾದುದರಿಂದ ತನಗಿಂತ ಕೆಳಗೆ ಹಾದುಹೋಗುವ ಎರೆಯನ್ನು ಅದು ಬಹುಮಟ್ಟಿಗೆ ಗಮನಿಸುವುದಿಲ್ಲ. ಹೀಗಾಗಿ ಮೀನು ಇರುವ ಮಟ್ಟಕ್ಕಿಂತ ಒಂದಡಿ ಮೇಲೆ ಎರೆ ಸಾಗಬೇಕು.

ಹನ್ನೆರಡು ಅಡಿ ದಾರ ಬಿಟ್ಟು ದೋಣಿಯನ್ನು ತುಸು ವೇಗವಾಗಿ ನಡೆಸಿದಿರಿ ಎಂದುಕೊಳ್ಳಿ. ದಾರ ಹಿಂದಕ್ಕೆ ಬಾಗಿ 45 ಡಿಗ್ರಿ ಕೋನದಲ್ಲಿ ನಿಂತರೆ ಎರೆಯ ನಿಜವಾದ ಆಳ ಸುಮಾರು ಎಂಟೂವರೆ ಅಡಿಗೆ ಇಳಿಯುತ್ತದೆ. ನೀವು ಹನ್ನೆರಡು ಅಡಿ ಎಂದು ನಂಬಿರುವಾಗ ಎರೆ ಮೂರೂವರೆ ಅಡಿ ಮೇಲೆ ಸಾಗುತ್ತಿರುತ್ತದೆ, ಅಕ್ಕಪಕ್ಕದ ದಾರಗಳೂ ತೊಡರಿಕೊಳ್ಳುತ್ತವೆ. ಜೀವಂತ ಮರಿಮೀನನ್ನು ಎರೆಯಾಗಿ ಬಳಸುವಾಗ ಗಂಟೆಗೆ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರಿನೊಳಗಿನ ವೇಗ ಸಾಕು. ಅಂದರೆ ನಾವು ನಡೆಯುವ ವೇಗದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರತಿ ದಾರಕ್ಕೆ ಅರ್ಧ ಔನ್ಸ್, ಎಂದರೆ ಸುಮಾರು 14 ಗ್ರಾಂ ತೂಕದ ಸೀಸದ ಗುಂಡು ಕಟ್ಟಿದರೆ ಆ ವೇಗದಲ್ಲಿ ದಾರ ಬಹುಪಾಲು ನೇರವಾಗಿಯೇ ಇರುತ್ತದೆ.

ಹಗುರವಾದ ದೋಣಿಯನ್ನು ಇಷ್ಟು ನಿಧಾನವಾಗಿ ನಡೆಸುವುದೇ ಕಷ್ಟದ ಕೆಲಸ. ಐದು ಹಂತಗಳ ಸ್ವಿಚ್ಚಿರುವ ಅಗ್ಗದ ವಿದ್ಯುತ್ ಮೋಟರುಗಳಲ್ಲಿ ಒಂದನೇ ಹಂತವೇ ಇಂತಹ ದೋಣಿಗೆ ಹೆಚ್ಚಾಗಬಹುದಾದ್ದರಿಂದ, ಹಂತಗಳಿಲ್ಲದೆ ವೇಗವನ್ನು ಏರಿಳಿಸುವ ಟ್ರೋಲಿಂಗ್ ಮೋಟರನ್ನು ಕೊಳ್ಳುವುದು ಒಳ್ಳೆಯದು. ಅದನ್ನು ಮುಂಭಾಗದಲ್ಲಿ ಕೂರಿಸಿ. ಹಿಂದಿನಿಂದ ತಳ್ಳುವ ಮೋಟರಿದ್ದರೆ ಗಾಳಿ ಬೀಸಿದ ಕೂಡಲೇ ದೋಣಿಯ ಮೂತಿ ಅತ್ತಿತ್ತ ತಿರುಗುತ್ತದೆ. ಮುಂದಿನಿಂದ ಎಳೆದರೆ ದೋಣಿಯ ದಿಕ್ಕು ನಿಮ್ಮ ಕೈಯಲ್ಲಿರುತ್ತದೆ. ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಸಾಗಿ, ಏಕೆಂದರೆ ಆಗ ಗಾಳಿಯೇ ಬ್ರೇಕಿನಂತೆ ದೋಣಿಯನ್ನು ಹಿಡಿದಿಡುತ್ತದೆ. ಗಾಳಿಯ ಜೊತೆಗೇ ಸಾಗಬೇಕಾಗಿ ಬಂದರೆ ಹಿಂಬದಿಯಲ್ಲಿ ಡ್ರಿಫ್ಟ್ ಸಾಕ್, ಎಂದರೆ ನೀರಿನಲ್ಲಿ ಎಳೆದುಕೊಂಡು ಬರುವ ಬಟ್ಟೆಯ ಚೀಲ, ಕಟ್ಟಿ ವೇಗ ತಗ್ಗಿಸಬಹುದು. ವೇಗವನ್ನು ಅಂದಾಜಿನಿಂದ ಅಳೆಯಬೇಡಿ, ಜಿಪಿಎಸ್ ನೋಡಿ.

ಇನ್ನು ತೂಕದ ಹಂಚಿಕೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಮೋಟರ್ ದೋಣಿಗಳಿಗೆ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಇರುತ್ತದೆ. ಆದರೆ ಅದು ಹೊರೆ ದೋಣಿಯ ಉದ್ದಕ್ಕೂ ಹಂಚಿಕೆಯಾಗಿದೆ ಎಂಬ ಲೆಕ್ಕದ್ದು. ನೀವಿಬ್ಬರೂ ಮುಂಭಾಗದಲ್ಲಿ ಕುಳಿತು, ಮೋಟರೂ ಅಲ್ಲೇ ಇದ್ದರೆ ಮೂತಿ ನೀರಿಗೆ ಬಾಗುತ್ತದೆ, ದೊಡ್ಡ ದೋಣಿಯೊಂದು ಎಬ್ಬಿಸಿದ ಅಲೆ ಒಳಗೆ ನುಗ್ಗಲು ಅಷ್ಟೇ ಸಾಕು. ಆದ್ದರಿಂದ 20 ಕಿಲೋಗೂ ಹೆಚ್ಚು ತೂಗುವ ಸೀಸದ ಬ್ಯಾಟರಿಯನ್ನು ಹಿಂಬದಿಗೆ ಒಯ್ದು, ಪಟ್ಟಿಯಿಂದ ಬಿಗಿದು, ದಪ್ಪನೆಯ ಕೇಬಲ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಸರ್ಕ್ಯೂಟ್ ಬ್ರೇಕರ್ ಹಾಕಿ. ತೆಳ್ಳನೆಯ ತಂತಿ ಬಿಸಿಯಾಗುವುದಷ್ಟೇ ಅಲ್ಲ, ಮೋಟರಿಗೆ ತಲುಪುವ ವೋಲ್ಟೇಜನ್ನೂ ತಿನ್ನುತ್ತದೆ. ನಿಂತು ಮೀನು ಎತ್ತುವ ಅಭ್ಯಾಸ ಈ ದೋಣಿಗೆ ಬೇಡ. ಫೆಬ್ರವರಿಯ ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಲೈಫ್ ಜಾಕೆಟ್ ಮೈಮೇಲೆಯೇ ಇರಲಿ.

ಕೋಲು ಹಿಡಿದಿಡುವ ರಾಡ್ ಹೋಲ್ಡರುಗಳನ್ನು ದೋಣಿಯ ತೆಳುವಾದ ಅಂಚಿಗೆ ನೇರವಾಗಿ ಸ್ಕ್ರೂ ಹಾಕಿ ಕೂರಿಸಿದರೆ ಉಳಿಯುವುದಿಲ್ಲ. ಹತ್ತು ಹನ್ನೆರಡು ಅಡಿ ಉದ್ದದ ಕೋಲು ದೊಡ್ಡ ಸನ್ನೆಯಂತೆ ಬುಡವನ್ನು ಮೀಟುತ್ತದೆ. ಗಾಳ ಮರದ ಬೊಡ್ಡೆಗೆ ಸಿಕ್ಕಿಕೊಂಡ ದಿನ ಸ್ಕ್ರೂ ಕಿತ್ತು ಬರುತ್ತದೆ. ಮುಂದಿನ ಆಸನದೆದುರು ಅಡ್ಡಲಾಗಿ ಒಂದು ಗಟ್ಟಿ ಹಲಗೆ ಅಥವಾ ಅಲ್ಯೂಮಿನಿಯಂ ಪಟ್ಟಿ ಹಾಕಿ, ಎರಡು ತುದಿಗಳನ್ನೂ ಕೆಳಗೆ ಲೋಹದ ತಗಡು ಕೊಟ್ಟು ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿದು, ಹೋಲ್ಡರುಗಳನ್ನು ಅದರ ಮೇಲೆ ಜೋಡಿಸಿ. ಕೋಲುಗಳೆಲ್ಲ ಒಂದೇ ಉದ್ದದವಾಗಿರಲಿ, ತುದಿಗಳು ನೀರಿನಿಂದ ಸುಮಾರು ಒಂದಡಿ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಲಿ. ಸಾಲಿನಲ್ಲಿ ಒಂದು ತುದಿ ತುಸು ಬಾಗಿದರೂ, ಅಥವಾ ಮೀನು ಎರೆಯನ್ನು ಮೇಲಕ್ಕೆತ್ತಿದ್ದರಿಂದ ಬಾಗಿದ್ದ ತುದಿ ಸಡಿಲಗೊಂಡು ನೆಟ್ಟಗಾದರೂ, ಕಣ್ಣಿಗೆ ತಟ್ಟನೆ ಬೀಳುತ್ತದೆ. ಹದಿನಾರು ಅಡಿಯ ಕೋಲುಗಳೂ ಸಿಗುತ್ತವೆ, ಆದರೆ ನಿಮ್ಮ ದೋಣಿಗೆ ಅವು ಹೊರೆಯೇ ಸರಿ.

ಅನೇಕರ ಗಮನಕ್ಕೆ ಬಾರದ ವಿಷಯವೊಂದಿದೆ. ಶಬ್ದದ ಅಲೆಗಳಿಂದ ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರಿನ ಸಂವೇದಕವನ್ನು ವಾಡಿಕೆಯಂತೆ ಹಿಂಬದಿಗೆ ಕಟ್ಟಿದರೆ, 14 ಅಡಿ ದೋಣಿಯ ಮುಂದೆ 12 ಅಡಿ ಕೋಲುಗಳನ್ನು ಚಾಚಿದವರಿಗೆ ಪರದೆಯ ಮೇಲೆ ಕಾಣುವ ಮೀನು ಎರೆಗಿಂತ ಸುಮಾರು 25 ಅಡಿ ಹಿಂದಿರುತ್ತದೆ. ಅದನ್ನು ಮುಂದಿನ ಮೋಟರಿನ ಬುಡಕ್ಕೇ ಕಟ್ಟಿ.

ಟೆನ್ನೆಸಿಯ ರೀಲ್‌ಫುಟ್ ಸರೋವರ 1811-12ರ ನ್ಯೂ ಮ್ಯಾಡ್ರಿಡ್ ಭೂಕಂಪಗಳಿಂದ ಉಂಟಾದದ್ದು. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನಡಿಯಲ್ಲಿವೆ. ಇಂತಹ ಕಡೆ ಗಾಳ ಸಿಕ್ಕಿಕೊಂಡರೆ ಕೋಲನ್ನು ಜಗ್ಗದೆ ಮೊದಲು ಮೋಟರ್ ನಿಲ್ಲಿಸಿ, ಹಿಂದಕ್ಕೆ ಸರಿದು, ಕೋಲಿನ ತುದಿ ಸಿಕ್ಕಿದ ಜಾಗದ ನೇರ ಮೇಲೆ ಬಂದಾಗ ಅಲುಗಿಸಿ ಬಿಡಿಸಿ. ಮೀನು ಸಿಕ್ಕಾಗಲೂ ಜಗ್ಗುವಂತಿಲ್ಲ. ಕ್ರ್ಯಾಪಿಯ ಬಾಯಿಯ ಪೊರೆ ಬಹಳ ತೆಳು, ಬಲವಾಗಿ ಎಳೆದರೆ ಹರಿದುಹೋಗುತ್ತದೆ. ಕೋಲಿನ ತುದಿ ಮೃದುವಾಗಿರಬೇಕೆನ್ನುವುದೂ, ಎಂಟು ಅಡಿಯಾದರೂ ಹಿಡಿಯಿರುವ ಕೈಬಲೆ ಬೇಕೆನ್ನುವುದೂ ಇದಕ್ಕಾಗಿಯೇ.

ಎಷ್ಟು ಕೋಲು ಎಂಬ ಪ್ರಶ್ನೆಗೆ ಮೊದಲ ಉತ್ತರ ಕಾನೂನಿನದು. ಮಿತಿ ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ಸರೋವರದಿಂದ ಸರೋವರಕ್ಕೆ ಬೇರೆಯಾಗುತ್ತದೆ. ನೀವು ಇಳಿಯುವ ಸರೋವರದ ಆ ವರ್ಷದ ನಿಯಮವನ್ನು ರಾಜ್ಯದ ವನ್ಯಜೀವಿ ಇಲಾಖೆಯ ಪ್ರಕಟಣೆಯಲ್ಲಿ ಓದಿಯೇ ಹೊರಡಿ. ನಿಯಮ ಎಷ್ಟೇ ಅವಕಾಶ ಕೊಟ್ಟರೂ ತಲಾ ಎರಡರಂತೆ ನಾಲ್ಕು ಕೋಲುಗಳಿಂದ ಆರಂಭಿಸಿ, ಆಳವನ್ನು ಎರಡೆರಡು ಅಡಿ ಬದಲಿಸಿ ಇಳಿಬಿಡಿ. ಮೀನು ಕಚ್ಚುವ ಆಳ ಗೊತ್ತಾದ ಮೇಲೆ ಎಲ್ಲವನ್ನೂ ಅದೇ ಆಳಕ್ಕೆ ತನ್ನಿ. ಎರಡು ಕೋಲುಗಳಿಗೆ ಒಮ್ಮೆಲೇ ಮೀನು ಕಚ್ಚಿದಾಗಲೂ ದೋಣಿಯ ದಿಕ್ಕು ತಪ್ಪದಂತೆ ನೋಡಿಕೊಳ್ಳುವುದು ನಿಮಗೆ ರೂಢಿಯಾದ ನಂತರ ಐದನೆಯ ಮತ್ತು ಆರನೆಯ ಹೋಲ್ಡರುಗಳನ್ನು ಕೊಳ್ಳಬಹುದು.